ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಭೂಗೋಳ ಮತ್ತು ಪರಿಸರ ಪಾಲನೆ: ಮಗಳನ್ನು ಸೇರಿಸಬಹುದಾ?

ಪ್ರಶ್ನೆ: ಅಟ್ಲಾಸ್ ಹುಡುಗಿಯ ಅಮ್ಮ

ಎಲ್ಲರಿಗೂ ನಮಸ್ಕಾರ.

ನನ್ನ ಮಗಳು ಎಂಟನೇ ತರಗತಿ ಮುಗಿಸುತ್ತಿದ್ದಾಳೆ. ಮುಂದಿನ ವರ್ಷ ಅವಳನ್ನು ಒಂದು ಕ್ಯಾಥೊಲಿಕ್ ಹೈಸ್ಕೂಲಿಗೆ ಸೇರಿಸುವ ಯೋಚನೆ ಇದೆ. ಸೀಟು ಸಿಕ್ಕಿದೆ. ಆದರೂ ನನಗೆ ಇನ್ನೂ ಒಂದಿಷ್ಟು ಅನುಮಾನಗಳಿವೆ.

ಅವಳಿಗೆ ಭೂಗೋಳ ಅಂದ್ರೆ ಪ್ರಾಣ. ನಾನು ಓದುವಾಗ ಇಟ್ಟುಕೊಂಡಿದ್ದ ಹಳೇ ಅಟ್ಲಾಸ್ ಈಗ ಅವಳ ದಿಂಬಿನ ಪಕ್ಕದಲ್ಲಿರುತ್ತದೆ. ಬೈಂಡ್ ಬಿಟ್ಟುಹೋಗಿದೆ, ಎರಡು ಸಲ ಅಂಟು ಹಚ್ಚಿದ್ದೇನೆ. ಹೋದ ವಾರ ಅದನ್ನೂ ಫೋನನ್ನೂ ಪಕ್ಕಪಕ್ಕ ಇಟ್ಟುಕೊಂಡು ಬಂದಳು. ಅಟ್ಲಾಸಿನಲ್ಲಿ ಮಧ್ಯ ಏಷ್ಯಾದ ಅರಲ್ ಸಮುದ್ರ ಅಂಗೈಯಗಲ ನೀಲಿ. ಫೋನಿನ ನಕ್ಷೆಯಲ್ಲಿ ಅಲ್ಲೊಂದು ತುಣುಕು, ಇಲ್ಲೊಂದು ಗೆರೆ. "ಅಮ್ಮ, ಇದರಲ್ಲಿ ಯಾವುದು ತಪ್ಪು?" ಎಂದು ಕೇಳಿದಳು. ನನಗೆ ಉತ್ತರ ಗೊತ್ತಿರಲಿಲ್ಲ.

ಶಾಲೆಯವರು ಹೇಳಿದ್ದು ಇಷ್ಟು. ಒಂಬತ್ತನೇ ತರಗತಿಯಿಂದ ಭೂಗೋಳದ ಪಾಠವನ್ನೂ ಧರ್ಮ ತರಗತಿಯ "ಸೃಷ್ಟಿಯ ಪಾಲನೆ" ಎಂಬ ಪಾಠವನ್ನೂ ಸೇರಿಸಿ ವರ್ಷಪೂರ್ತಿ ಒಂದೇ ಪ್ರಾಜೆಕ್ಟ್ ಮಾಡಿಸುತ್ತಾರಂತೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಭೂಗೋಳ ಹೋಗಿ ಬರೀ ಉಪದೇಶ ಉಳಿದರೆ ಏನು ಮಾಡುವುದು? ಹವಾಮಾನ ಬದಲಾವಣೆ, ಭೂಮಿಯ ವಯಸ್ಸು, ಇಂಥ ವಿಷಯಗಳನ್ನು ವಿಜ್ಞಾನ ಹೇಳುವ ಹಾಗೇ ಕಲಿಸುತ್ತಾರಾ? ನಾವು ಕ್ರೈಸ್ತರಲ್ಲ. ಧರ್ಮದ ಪಾಠಕ್ಕೆ ಜೋಡಿಸಿದ ಪ್ರಾಜೆಕ್ಟಿನಲ್ಲಿ ನನ್ನ ಮಗಳಿಗೆ ತಾನು ಹೊರಗಿನವಳು ಅನ್ನಿಸಬಾರದು, ಅದೂ ನನಗೆ ಮುಖ್ಯ.

ಇಂಥ ಶಾಲೆಯಲ್ಲಿ ಓದಿದವರು, ಕಲಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ಭೂಗೋಳದ ಮೇಷ್ಟ್ರು

ಮೇಡಂ, ನಮಸ್ಕಾರ. ನಾನು 22 ವರ್ಷದಿಂದ ಒಂದು ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೇನೆ. ನಾನೂ ಕ್ರೈಸ್ತನಲ್ಲ. ಹಾಗಾಗಿ ನಿಮ್ಮ ಅನುಮಾನ ನನಗೆ ಅರ್ಥವಾಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೂ ಅದೇ ಅನುಮಾನ ಇತ್ತು.

ಮೊದಲು ಮಗಳ ಪ್ರಶ್ನೆಗೆ ಉತ್ತರ. ಎರಡು ನಕ್ಷೆಯೂ ಸರಿ. ಬೇರೆ ಬೇರೆ ಕಾಲದವು, ಅಷ್ಟೇ. 1960ರಲ್ಲಿ ಅರಲ್ ಸಮುದ್ರ ಜಗತ್ತಿನ ನಾಲ್ಕನೇ ದೊಡ್ಡ ಸರೋವರ. ಸುಮಾರು 68,000 ಚದರ ಕಿಲೋಮೀಟರ್ ಇತ್ತು. ಅದಕ್ಕೆ ನೀರು ತರುತ್ತಿದ್ದದ್ದು ಎರಡು ನದಿಗಳು, ಅಮು ದರಿಯಾ ಮತ್ತು ಸಿರ್ ದರಿಯಾ. ಆ ನೀರನ್ನು ಕಾಲುವೆ ತೋಡಿ ಹತ್ತಿ ಹೊಲಗಳಿಗೆ ತಿರುಗಿಸಿದರು. ಕಾಲುವೆಗಳಲ್ಲೇ ಬಹಳಷ್ಟು ನೀರು ಸೋರಿಹೋಯಿತು. ಸರೋವರಕ್ಕೆ ಬರುವ ನೀರು ಕಡಿಮೆಯಾಯಿತು, ಆವಿಯಾಗಿ ಹೋಗುವುದು ಮಾತ್ರ ನಿಲ್ಲಲಿಲ್ಲ. 2007ರ ಹೊತ್ತಿಗೆ ಉಳಿದಿದ್ದು ಹತ್ತರಲ್ಲಿ ಒಂದು ಪಾಲು. ಮೊಯ್ನಾಕ್ ಎಂಬ ಊರು ಮೀನುಗಾರಿಕೆಯ ಬಂದರಾಗಿತ್ತು. ಇವತ್ತು ಅಲ್ಲಿ ಹಡಗುಗಳು ಮರಳಿನ ಮೇಲೆ ತುಕ್ಕು ಹಿಡಿದು ಕೂತಿವೆ. ತಳದಲ್ಲಿದ್ದ ಉಪ್ಪು ಧೂಳಾಗಿ ಎದ್ದು ಸುತ್ತಲ ಹೊಲದ ಮೇಲೆ, ಜನರ ಎದೆಯೊಳಗೆ ಹೋಗುತ್ತಿದೆ. ಇನ್ನೊಂದು ಸಂಗತಿಯನ್ನೂ ಮರೆಯದೆ ಹೇಳಿ. ಉತ್ತರದ ತುಂಡಿಗೆ 2005ರಲ್ಲಿ ಒಂದು ಅಣೆಕಟ್ಟು ಕಟ್ಟಿದರು. ಅಲ್ಲಿ ನೀರು ಏರಿತು, ಉಪ್ಪು ಇಳಿಯಿತು, ಮೀನು ವಾಪಸ್ ಬಂತು. ನಮ್ಮ ಮಕ್ಕಳು ಈ ಪಾಠದಲ್ಲಿ ಹೆಚ್ಚು ಪ್ರಶ್ನೆ ಕೇಳುವುದು ಈ ಜಾಗದಲ್ಲೇ.

ಎಷ್ಟು ನೀರು ಬಂತು, ಎಷ್ಟು ಹೋಯಿತು, ಉಪ್ಪು ಯಾಕೆ ಜಾಸ್ತಿಯಾಯಿತು, ಇಲ್ಲಿಯವರೆಗೆ ಭೂಗೋಳ ಹೇಳುತ್ತದೆ. "ಹಾಗಾದರೆ ಆ ನೀರು ಯಾರದ್ದು? ಹತ್ತಿ ಬೆಳೆದವನದ್ದಾ, ಮೀನು ಹಿಡಿದವನದ್ದಾ, ಮೀನಿನದ್ದಾ?" ಈ ಪ್ರಶ್ನೆಯನ್ನೂ ಮಕ್ಕಳು ಕೇಳಿಯೇ ಕೇಳುತ್ತಾರೆ. ಎಷ್ಟೋ ಶಾಲೆಗಳಲ್ಲಿ ಅಷ್ಟು ಹೊತ್ತಿಗೆ ಗಂಟೆ ಹೊಡೆದುಬಿಡುತ್ತದೆ. ನಮ್ಮಲ್ಲಿ ಆ ಪ್ರಶ್ನೆಗೆ ಮುಂದಿನ ಪೀರಿಯಡ್‌ನಲ್ಲಿ ಜಾಗ ಇದೆ. ಎರಡು ಪಾಠ ಸೇರಿಸುವುದು ಅಂದ್ರೆ ಇದೇ.

ಒಂದು ಪದದ ಬಗ್ಗೆ ಹೇಳಬೇಕು. ಪಾಲನೆ ಮಾಡುವವನಿಗೆ ಇಂಗ್ಲಿಷಿನಲ್ಲಿ ಸ್ಟುವರ್ಡ್ ಎನ್ನುತ್ತಾರೆ, ಅಂದ್ರೆ ಇನ್ನೊಬ್ಬರ ಆಸ್ತಿ ನೋಡಿಕೊಳ್ಳುವವನು. ಅದಕ್ಕೆ ಹಳೆಯ ಕನ್ನಡ ಬೈಬಲಿನಲ್ಲಿ "ಮನೆವಾರ್ತೆಯವನು" ಎಂದಿದೆ. ನಮ್ಮ ಶಾಲೆಯಲ್ಲಿದ್ದ ಒಬ್ಬ ಹಿರಿಯ ಫಾದರ್ ಇದನ್ನು ತೋರಿಸಿಕೊಟ್ಟರು. ಲೂಕನ ಸುವಾರ್ತೆಯ 16ನೇ ಅಧ್ಯಾಯದಲ್ಲಿ ಅಂಥವನೊಬ್ಬನ ಕತೆ ಬರುತ್ತದೆ. ಆಸ್ತಿ ಅವನದಲ್ಲ, ಯಜಮಾನನದು. ಅದನ್ನು ಹಾಳು ಮಾಡುತ್ತಿದ್ದಾನೆ ಎಂದು ದೂರು ಬಂತು. ಯಜಮಾನ ಕರೆದು ಮೊದಲು ಕೇಳಿದ್ದು ಲೆಕ್ಕ. ಈ ಪದಕ್ಕೆ ಗ್ರೀಕ್ ಮೂಲದಲ್ಲಿ ಓಯ್ಕೊನೊಮೋಸ್ ಎಂದಿದೆ, ಓಯ್ಕೋಸ್ ಎಂದರೆ ಮನೆ. 1866ರಲ್ಲಿ ಅರ್ನ್ಸ್ಟ್ ಹೆಕೆಲ್ ಎಂಬ ಜೀವವಿಜ್ಞಾನಿ ಜೀವಿಗಳಿಗೂ ಪರಿಸರಕ್ಕೂ ಇರುವ ಸಂಬಂಧದ ವಿಜ್ಞಾನಕ್ಕೆ ಇಕಾಲಜಿ ಎಂಬ ಹೆಸರು ಕಟ್ಟಿದ್ದೂ ಇದೇ ಓಯ್ಕೋಸ್‌ನಿಂದ. ಅವತ್ತಿನಿಂದ ನನ್ನ ಪಾಠದ ದಾರಿಯೇ ಬದಲಾಯಿತು. ಮನೆವಾರ್ತೆ ನೋಡಿಕೊಳ್ಳುವವನಿಗೆ ಲೆಕ್ಕ ಗೊತ್ತಿರಬೇಕು ಅಲ್ವಾ? ಭೂಮಿಯ ಲೆಕ್ಕ ಇಡುವುದನ್ನು ಕಲಿಸುವುದೇ ಭೂಗೋಳ. ಲೆಕ್ಕ ಇಲ್ಲದೆ ಬರೀ ಪ್ರೀತಿಯಿಂದ ಮಾಡಿದರೆ ಏನಾಗುತ್ತದೆ ಎಂದು ನಾನೇ ನೋಡಿದ್ದೇನೆ.

ನಾನು ಸೇರಿದ ಎರಡನೇ ವರ್ಷ ಪರಿಸರ ದಿನಕ್ಕೆ 40 ಸಸಿ ನೆಟ್ಟೆವು. ಪ್ರಾರ್ಥನೆ ಆಯಿತು, ಹಾಡು ಆಯಿತು, ಫೋಟೋ ತೆಗೆದೆವು. ಮಕ್ಕಳು ಮನಸ್ಸಿಟ್ಟು ನೆಟ್ಟಿದ್ದರು. ಒಬ್ಬೊಬ್ಬರು ಒಂದೊಂದು ಗಿಡಕ್ಕೆ ಹೆಸರೂ ಇಟ್ಟಿದ್ದರು. ವರ್ಷ ಕಳೆಯುವ ಹೊತ್ತಿಗೆ ಉಳಿದಿದ್ದು 9. ಒಬ್ಬ ಹುಡುಗ ಬಂದು, "ಸರ್, ನನ್ನ ಗಿಡ ನೀರಲ್ಲೇ ಕೊಳೆತುಹೋಯ್ತು, ಅವನ ಗಿಡ ಒಣಗಿಹೋಯ್ತು, ಎರಡೂ ಒಂದೇ ಮೈದಾನದಲ್ಲಿದ್ವು, ಯಾಕೆ?" ಎಂದು ಕೇಳಿದ. ಅವನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿದ್ದೇ ನಮ್ಮ ಪ್ರಾಜೆಕ್ಟ್ ಆಯಿತು.

ಮುಂದಿನ ವರ್ಷ ಒಂದೂ ಸಸಿ ನೆಡಲಿಲ್ಲ. ಬದಲಿಗೆ ಶಾಲೆಯ ನಕ್ಷೆ ಮಾಡಿದೆವು. ಟೇಪ್ ಹಿಡಿದು ಚಾವಣಿಯ ಕೆಳಗಿನ ನೆಲ ಅಳೆದೆವು. ಮುಖ್ಯ ಕಟ್ಟಡ 30 ಮೀಟರ್ ಉದ್ದ, 12 ಮೀಟರ್ ಅಗಲ. ಅಂದ್ರೆ 360 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್. ಹಾಗಾಗಿ 25 ಮಿಲಿಮೀಟರ್ ಮಳೆ ಬಂದ ದಿನ ಆ ಚಾವಣಿ ಮೇಲೆ ಬೀಳುವುದು 9,000 ಲೀಟರ್. ಅದಷ್ಟೂ ಒಂದೇ ಪೈಪಿನಿಂದ ಒಂದೇ ಮೂಲೆಗೆ ಸುರಿಯುತ್ತಿತ್ತು. ಆ ಹುಡುಗನ ಗಿಡ ಇದ್ದಿದ್ದು ಅಲ್ಲೇ.

ಆಮೇಲೆ ಮಣ್ಣು. ಎರಡೂ ಬದಿ ಕತ್ತರಿಸಿದ ಒಂದು ತಗಡಿನ ಡಬ್ಬ ತಗೊಂಡೆವು. 15 ಸೆಂಟಿಮೀಟರ್ ಅಗಲದ್ದು. ಅದನ್ನು ನೆಲಕ್ಕೆ ಮೂರು ಬೆರಳಿನಷ್ಟು ಇಳಿಸಿ, ಒಂದು ಲೀಟರ್ ನೀರು ಹೊಯ್ದು ಗಡಿಯಾರ ನೋಡುತ್ತಾ ಕೂರಬೇಕು. ಹಳೇ ಮರದ ಕೆಳಗೆ, ತರಗೆಲೆ ಇದ್ದ ಜಾಗದಲ್ಲಿ, ಏಳು ನಿಮಿಷಕ್ಕೆ ನೀರು ಇಂಗಿತು. ಪ್ರಾರ್ಥನೆಗೆ ಸಾಲು ನಿಲ್ಲುವ ಜಾಗದಲ್ಲಿ 50 ನಿಮಿಷ ಕಾದರೂ ಅರ್ಧ ನೀರು ಹಾಗೇ ನಿಂತಿತ್ತು. ದಿನಾ ನೂರಾರು ಕಾಲು ತುಳಿದು ಮಣ್ಣಿನ ಉಸಿರಾಟವೇ ನಿಂತುಹೋಗಿತ್ತು. ಡಬ್ಬದ ಸುತ್ತ ಮಂಡಿಯೂರಿ ಕೂತ ಮಕ್ಕಳು ಮಾತೇ ಆಡಲಿಲ್ಲ. ಒಬ್ಬಳು ನಿಧಾನಕ್ಕೆ ಕಾಲು ಎತ್ತಿ ತನ್ನ ಶೂ ತಳ ನೋಡಿಕೊಂಡಳು. ಅವಳ ಮುಖ ನನಗೆ ಈಗಲೂ ನೆನಪಿದೆ.

ಅದರ ಮುಂದಿನ ವರ್ಷ ಆ ಮೂಲೆಯಲ್ಲಿ ಇಂಗುಗುಂಡಿ ತೆಗೆದೆವು. ಎಲ್ಲಿ, ಎಷ್ಟು ಆಳ ಎಂದು ನಕ್ಷೆ ನೋಡಿ ನಿರ್ಧರಿಸಿದ್ದು ಮಕ್ಕಳೇ. ಸಸಿಗಳನ್ನು ಗುಂಡಿಯಿಂದ ಸ್ವಲ್ಪ ದೂರ, ಇಳಿಜಾರಿನ ಮೇಲ್ಭಾಗದಲ್ಲಿ ನೆಟ್ಟೆವು. ಈ ಸಲ 20 ಮಾತ್ರ. ಅದರಲ್ಲಿ 17 ಇವತ್ತು ನನಗಿಂತ ಎತ್ತರ ಇವೆ.

ಇನ್ನು ವಿಜ್ಞಾನದ ವಿಷಯ. ಈ ಬಗ್ಗೆ ನಿಮಗೆ ಜಾಸ್ತಿ ಚಿಂತೆ ಬೇಡ. ಪೋಪ್ ಫ್ರಾನ್ಸಿಸ್ 2015ರಲ್ಲಿ "ಲೌದಾತೊ ಸೀ" ಎಂಬ ವಿಶ್ವಪತ್ರ ಬರೆದರು, ನಮ್ಮೆಲ್ಲರ ಮನೆಯಾದ ಭೂಮಿಯನ್ನು ನೋಡಿಕೊಳ್ಳುವ ಬಗ್ಗೆ. ಅದರ ಮೊದಲ ಅಧ್ಯಾಯದಲ್ಲೇ ಹವಾಮಾನ, ನೀರು, ಜೀವವೈವಿಧ್ಯದ ಬಗ್ಗೆ ವಿಜ್ಞಾನಿಗಳು ಕಂಡುಕೊಂಡದ್ದು ಇದೆ. ಇತ್ತೀಚಿನ ದಶಕಗಳ ಬಿಸಿಯೇರಿಕೆಗೆ ಮುಖ್ಯ ಕಾರಣ ಮನುಷ್ಯರ ಚಟುವಟಿಕೆಯಿಂದ ಹೊರಬಿದ್ದ ಅನಿಲಗಳು ಎಂದು ಅನೇಕ ಅಧ್ಯಯನಗಳು ತೋರಿಸುತ್ತವೆ ಎಂದು ಅಲ್ಲಿ ಬಿಚ್ಚಿ ಹೇಳಿದ್ದಾರೆ. ವಿಜ್ಞಾನದ ಪ್ರಶ್ನೆಗಳನ್ನು ತೀರ್ಮಾನಿಸುವುದು ಚರ್ಚಿನ ಕೆಲಸವಲ್ಲ ಎಂಬ ಮಾತೂ ಅದರಲ್ಲಿದೆ. ಭೂಮಿಯ ವಯಸ್ಸಿನ ಪಾಠಕ್ಕೆ ನಾನು ನಿಕೊಲಾಸ್ ಸ್ಟೆನೊ ಅವರಿಂದ ಶುರು ಮಾಡುತ್ತೇನೆ. ಬಂಡೆಯ ಪದರಗಳಲ್ಲಿ ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬ ನಿಯಮವನ್ನು 1669ರಲ್ಲಿ ಹೇಳಿದವರು ಅವರು. ಆಮೇಲೆ ಪಾದ್ರಿಯಾದರು, ಬಿಷಪ್ ಆದರು. 1988ರಲ್ಲಿ ಕ್ಯಾಥೊಲಿಕ್ ಚರ್ಚ್ ಅವರನ್ನು ಪುನೀತರೆಂದು ಘೋಷಿಸಿತು.

ಮಗಳು ಹೊರಗಿನವಳು ಅನ್ನಿಸಿಕೊಳ್ಳುವ ವಿಷಯವನ್ನು ಸಿಸ್ಟರ್ ಯಾರಾದರೂ ಹೇಳಿದರೆ ಚೆನ್ನ. ನಾನು ಕಂಡ ಹಾಗೆ, ಡಬ್ಬದಲ್ಲಿ ನೀರು ಇಂಗುವುದನ್ನು ಕಾಯುತ್ತಾ ಕೂತ ಮಕ್ಕಳಲ್ಲಿ ಯಾರು ಯಾವ ಧರ್ಮದವರು ಎಂದು ನೋಡುವುದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ.

ಉತ್ತರ: ಧರ್ಮ ತರಗತಿಯ ಸಿಸ್ಟರ್

ಮೇಷ್ಟ್ರು ಕರೆದಿದ್ದಾರೆ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಅವರ ಶಾಲೆಯವಳಲ್ಲ, ಆದರೆ ಇದೇ ಪಾಠ ಮಾಡುತ್ತೇನೆ.

ಅಮ್ಮಾ, ನಿಮ್ಮ ಮಗಳ ಬಗ್ಗೆ ಮೊದಲು ಹೇಳುತ್ತೇನೆ. ಆ ವಿಶ್ವಪತ್ರವನ್ನು ಪೋಪ್ ಫ್ರಾನ್ಸಿಸ್ ಕ್ಯಾಥೊಲಿಕರಿಗೆ ಮಾತ್ರ ಬರೆಯಲಿಲ್ಲ. ಭೂಮಿಯ ಮೇಲಿರುವ ಪ್ರತಿಯೊಬ್ಬರ ಜೊತೆ ಮಾತಾಡಬೇಕು ಎಂದು ಶುರುವಿನಲ್ಲೇ ಹೇಳಿಕೊಂಡಿದ್ದಾರೆ. ನನ್ನ ತರಗತಿಯಲ್ಲಿ ಬೇರೆ ಬೇರೆ ಮನೆಗಳಿಂದ ಬಂದ ಮಕ್ಕಳಿದ್ದಾರೆ. ಒಂದು ತರಗತಿ ಪೂರ್ತಿ ಅವರಿಗೆ ಬಿಟ್ಟುಕೊಡುತ್ತೇನೆ. ನೆಲ, ನೀರು, ಮರದ ಬಗ್ಗೆ ನಿಮ್ಮ ಮನೆಯ ಹಿರಿಯರು ಏನು ಹೇಳುತ್ತಾರೆ, ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಅವತ್ತು ನಾನು ಬರೀ ಕೇಳುತ್ತೇನೆ. ನನ್ನ ನೋಟ್‌ಪುಸ್ತಕ ತುಂಬುವ ದಿನ ಅದು.

ನಮ್ಮ ಕಡೆಯಿಂದಲೂ ಒಪ್ಪಿಕೊಳ್ಳಬೇಕಾದ ಮಾತೊಂದಿದೆ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯದಲ್ಲಿ ಮನುಷ್ಯ ಭೂಮಿಯನ್ನು ವಶಮಾಡಿಕೊಳ್ಳಲಿ ಎಂಬ ಮಾತು ಬರುತ್ತದೆ. ಅದನ್ನು ಹಿಡಿದುಕೊಂಡು, ಏನು ಬೇಕಾದರೂ ಮಾಡಬಹುದು ಎಂದು ತಿಳಿದವರು ಕ್ರೈಸ್ತರಲ್ಲೇ ಇದ್ದರು. ಆ ಓದು ತಪ್ಪು ಎಂದು ಫ್ರಾನ್ಸಿಸ್ ನೇರವಾಗಿ ಬರೆದರು. ಎರಡನೇ ಅಧ್ಯಾಯದ 15ನೇ ವಚನದ ಜೊತೆ ಸೇರಿಸಿ ಓದಿ ಎಂದರು. ಅಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇಟ್ಟದ್ದು ಸಾಗುವಳಿ ಮಾಡುವುದಕ್ಕೆ ಮತ್ತು ಕಾಯುವುದಕ್ಕೆ. ಮಕ್ಕಳಿಗೆ ಎರಡೂ ವಚನ ಬೋರ್ಡಿನ ಮೇಲೆ ಬರೆದುಕೊಡುತ್ತೇನೆ. ಚರ್ಚೆ ಅವರೇ ಮಾಡುತ್ತಾರೆ.

ಬೈಬಲಿನ ಯಾಜಕಕಾಂಡದ 25ನೇ ಅಧ್ಯಾಯವನ್ನೂ ಓದುತ್ತೇವೆ. ಏಳನೇ ವರ್ಷ ಹೊಲಕ್ಕೆ ವಿಶ್ರಾಂತಿ, ಬಿತ್ತಬಾರದು. ನೆಲ ನನ್ನದು, ನೀವು ಇಲ್ಲಿ ಒಕ್ಕಲಿದ್ದವರ ಹಾಗೆ ಎಂದು ದೇವರು ಹೇಳುವುದೂ ಅಲ್ಲೇ. ಹೋದ ವರ್ಷ ಒಬ್ಬಳು ಇದನ್ನು ಕೇಳಿದ್ದೇ ತಡ ಎದ್ದು ನಿಂತಳು. "ಸಿಸ್ಟರ್, ಭೂಗೋಳದಲ್ಲಿ ಬೀಳು ಬಿಡೋದು ಅಂತ ಇದೆ, ಮಣ್ಣಿನ ಸಾರ ವಾಪಸ್ ಬರಲಿ ಅಂತ. ಇದೂ ಅದೇನಾ?" ಎಂದಳು. ನಾನು ಅವಳನ್ನೇ ಭೂಗೋಳದ ಟೀಚರ್ ಹತ್ತಿರ ಕಳಿಸಿದೆ. ಮಾರನೇ ದಿನ ಇಬ್ಬರೂ ಒಟ್ಟಿಗೆ ಬಂದು ಪಾಠ ಮಾಡಿದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಕೇಳಿದೆ.

ಮಕ್ಕಳಿಗೆ ಇಷ್ಟವಾಗುವ ಇನ್ನೊಂದು ಮಾತು ಆ ಪತ್ರದಲ್ಲಿದೆ. ಬೆಟ್ಟದ ನಡುವೆ ಬೆಳೆದವರು, ಚಿಕ್ಕಂದಿನಲ್ಲಿ ಬುಗ್ಗೆಯ ಪಕ್ಕ ಕೂತು ನೀರು ಕುಡಿದವರು, ಬೀದಿಯಲ್ಲಿ ಆಡಿದವರು ಆ ಜಾಗಕ್ಕೆ ಮರಳಿ ಹೋದಾಗ ತಮ್ಮನ್ನೇ ಮತ್ತೆ ಕಂಡುಕೊಳ್ಳುತ್ತಾರೆ ಎಂಬ ಅರ್ಥದ್ದು. ಅದನ್ನು ಓದಿದ ಮೇಲೆ ಅವರವರ ಜಾಗದ ನಕ್ಷೆ ಬರೆಯಿಸುತ್ತೇನೆ. ಸ್ಕೇಲ್ ಬೇಡ, ದಿಕ್ಕು ಬೇಡ. ನೆನಪಿನಿಂದ ಬರೆದರೆ ಸಾಕು. ಆ ನಕ್ಷೆಗಳಿಗೆ ನಾನು ಅಂಕ ಕೊಡುವುದಿಲ್ಲ.

ಉತ್ತರ: ಉಪಗ್ರಹ ಚಿತ್ರ ನೋಡುವವನು

ಮೇಷ್ಟ್ರು, ಸಿಸ್ಟರ್ ಹೇಳಿದ್ದು ಓದಿ ಖುಷಿಯಾಯಿತು. ಆದರೆ ಮೇಡಂ, ಎಲ್ಲ ಶಾಲೆಯೂ ಹೀಗಿರುವುದಿಲ್ಲ. ಅದನ್ನು ಹೇಳದೆ ಇದ್ದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ.

ನಾನು ಓದಿದ್ದೂ ಒಂದು ಕ್ಯಾಥೊಲಿಕ್ ಹೈಸ್ಕೂಲಿನಲ್ಲಿ. ಹೆಸರು ಬೇಡ. ಅಲ್ಲಿ ಪರಿಸರ ಅಂದ್ರೆ ಪೋಸ್ಟರ್, ಭಾಷಣ, ಘೋಷಣೆ. ಪ್ರತಿ ವರ್ಷ ಅದೇ ಹಸಿರು ಭೂಗೋಳ, ಅದರ ಸುತ್ತ ಎರಡು ಕೈ. ನಾನೂ ಬರೆದು ಬಹುಮಾನ ತಗೊಂಡೆ. ಕಾರ್ಯಕ್ರಮ ಮುಗಿದ ಮೇಲೆ ಆ ಪೋಸ್ಟರುಗಳನ್ನೂ ಪ್ಲಾಸ್ಟಿಕ್ ಲೋಟಗಳನ್ನೂ ಹಿತ್ತಲಲ್ಲಿ ಒಟ್ಟಿಗೆ ಸುಟ್ಟರು. ಆ ಹೊಗೆ ನಮ್ಮ ತರಗತಿಯ ಕಿಟಕಿಗೆ ಬರುತ್ತಿತ್ತು. ಹದಿಮೂರು ವಯಸ್ಸಿನ ಹುಡುಗನಿಗೆ ಅದು ತುಂಬಾ ನೋವು ಕೊಟ್ಟಿತು. ಹೇಳುವುದು ಒಂದು, ಮಾಡುವುದು ಒಂದು ಎಂದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ.

ಆದರೂ ನಾನು ಇವತ್ತು ಈ ಕೆಲಸದಲ್ಲಿ ಇರುವುದಕ್ಕೆ ಅದೇ ಶಾಲೆಯ ಒಬ್ಬ ಟೀಚರ್ ಕಾರಣ. ಒಂದು ಶನಿವಾರ ನಮ್ಮನ್ನು ಕರೆದುಕೊಂಡು ಶಾಲೆಯ ಚರಂಡಿಯ ಹಿಂದೆ ನಡೆದರು. ಕೈ ತೊಳೆಯುವ ತೊಟ್ಟಿಯಿಂದ ಶುರು. ಕಾಂಪೌಂಡಿನ ಕೆಳಗೆ ತೂತು. ರಸ್ತೆ ಬದಿಯ ಮೋರಿ. ಮೋರಿಯಿಂದ ಹಳ್ಳ. ಹಳ್ಳ ಹೋಗಿ ದೊಡ್ಡ ಹೊಳೆಗೆ ಸೇರುವ ತನಕ ನಡೆದೆವು. ದಾರಿಯಲ್ಲಿ ನೀರಿನ ಬಣ್ಣ, ವಾಸನೆ, ಎಷ್ಟು ಅಗಲ ಎಂದು ಬರೆದುಕೊಂಡೆವು. ಹೊಳೆಯಲ್ಲಿ ಹೆಂಗಸೊಬ್ಬರು ಪಾತ್ರೆ ಬೆಳಗುತ್ತಿದ್ದರು. ಟೀಚರ್ ಏನೂ ಹೇಳಲಿಲ್ಲ. ನಾವು ಬೆಳಿಗ್ಗೆ ಬಣ್ಣದ ಬ್ರಷ್ ತೊಳೆದಿದ್ದು ಎಲ್ಲರಿಗೂ ನೆನಪಾಯಿತು. ಜಲಾನಯನ, ಅಂದ್ರೆ ನೀರೆಲ್ಲ ಹರಿದು ಒಂದೇ ಹೊಳೆಗೆ ಸೇರುವ ನೆಲ, ಎಂಬ ಪದದ ಅರ್ಥ ನನಗೆ ಅವತ್ತು ಕಾಲಿನಿಂದ ತಿಳಿಯಿತು.

ಈಗ ನಾನು ಉಪಗ್ರಹ ಚಿತ್ರ ನೋಡಿ ಜಲಾನಯನ ನಕ್ಷೆ ಮಾಡುತ್ತೇನೆ. ನಿಮ್ಮ ಮಗಳಿಗೆ ಹೇಳಿ, ಅರಲ್ ಸಮುದ್ರ ಬತ್ತಿದ್ದನ್ನು ಅವಳೇ ನೋಡಬಹುದು. ಲ್ಯಾಂಡ್‌ಸ್ಯಾಟ್ ಎಂಬ ಉಪಗ್ರಹಗಳ ಸಾಲು 1972ರಿಂದ ಭೂಮಿಯ ಚಿತ್ರ ತೆಗೆಯುತ್ತಿದೆ. 2008ರಿಂದ ಆ ಚಿತ್ರಗಳು ಎಲ್ಲರಿಗೂ ಉಚಿತ. ನಕ್ಷೆ ಮಾಡುವ ಕ್ಯೂಜಿಐಎಸ್ ಎಂಬ ಸಾಫ್ಟ್‌ವೇರ್ ಕೂಡ ಉಚಿತ. ಅದರಲ್ಲಿ ಬೇರೆ ಬೇರೆ ವರ್ಷದ ಚಿತ್ರ ಒಂದರ ಮೇಲೊಂದು ಇಟ್ಟರೆ ದಡ ಹಿಂದೆ ಸರಿದದ್ದು ಕಣ್ಣಿಗೇ ಕಾಣುತ್ತದೆ. ಒಂದು ಮಾತು ನೆನಪಿರಲಿ. ಅದರಲ್ಲಿ ಒಂದು ಚುಕ್ಕೆ ಎಂದರೆ ಸಾಮಾನ್ಯವಾಗಿ ನೆಲದ ಮೇಲೆ 30 ಮೀಟರ್‌ಗೆ 30 ಮೀಟರ್. ಮೇಷ್ಟ್ರ ಶಾಲೆಯ ಕಟ್ಟಡ ಒಂದು ಚುಕ್ಕೆಯೊಳಗೆ ಮುಗಿದುಹೋಗುತ್ತದೆ. ಅವರು ಡಬ್ಬ ಇಟ್ಟು ಕಂಡದ್ದು ಯಾವ ಉಪಗ್ರಹಕ್ಕೂ ಕಾಣುವುದಿಲ್ಲ.

ಹಾಗಾಗಿ ಶಾಲೆಗೆ ಹೋದಾಗ ಗೋಡೆ ಮೇಲಿನ ಚಿತ್ರ ನೋಡಿ ತೀರ್ಮಾನ ಮಾಡಬೇಡಿ. ಹೋದ ವರ್ಷದ ಮಕ್ಕಳ ಫೀಲ್ಡ್ ನೋಟ್‌ಪುಸ್ತಕ ತೋರಿಸಿ ಎಂದು ಕೇಳಿ. ಶಾಲೆಯ ಕಸ ಎಲ್ಲಿಗೆ ಹೋಗುತ್ತದೆ ಎಂದು ಆಫೀಸಿನವರನ್ನಲ್ಲ, ಅಲ್ಲಿ ಓದುವ ಒಂದು ಮಗುವನ್ನು ಕೇಳಿ. ಮಗುವಿಗೆ ಉತ್ತರ ಗೊತ್ತಿದ್ದರೆ ಧೈರ್ಯವಾಗಿ ಸೇರಿಸಿ.

ಪ್ರಶ್ನೆ ಕೇಳಿದವರು: ಅಟ್ಲಾಸ್ ಹುಡುಗಿಯ ಅಮ್ಮ

ಎಲ್ಲರಿಗೂ ಮನಸಾರೆ ಧನ್ಯವಾದ. ಇಷ್ಟು ಬಿಡಿಸಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ನಿನ್ನೆ ಮಗಳನ್ನು ಕರೆದುಕೊಂಡು ಶಾಲೆಗೆ ಹೋಗಿದ್ದೆ. ನೋಟ್‌ಪುಸ್ತಕ ಕೇಳಿದೆ. ಭೂಗೋಳದ ಟೀಚರ್ ಒಂದು ಕ್ಷಣ ನನ್ನ ಮುಖ ನೋಡಿದರು, ಆಮೇಲೆ ಬೀರುವಿನಿಂದ ಒಂದು ಕಟ್ಟು ತಂದು ಮೇಜಿನ ಮೇಲಿಟ್ಟರು. ಒಂದು ಪುಸ್ತಕದ ಹಾಳೆಯೆಲ್ಲ ನೀರು ಬಿದ್ದು ಉಬ್ಬಿತ್ತು. ದಿನಾ ಬೆಳಿಗ್ಗೆ ಅಳೆದ ಮಳೆಯ ಲೆಕ್ಕ. ಒಂದು ಭಾನುವಾರದ ಸಾಲಿನಲ್ಲಿ "ಇವತ್ತು ರಜೆ, ಆದರೂ ಬಂದು ಅಳೆದೆ, 31 ಮಿ.ಮೀ." ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಮಗಳು ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಕಸದ ಪ್ರಶ್ನೆಯನ್ನು ಕಾರಿಡಾರಿನಲ್ಲಿ ಸಿಕ್ಕ ಒಬ್ಬ ಹುಡುಗನಿಗೆ ಕೇಳಿದೆ. ಹಸಿ ಕಸದ ಗೊಬ್ಬರ ಗುಂಡಿಯವರೆಗೂ ಕರೆದುಕೊಂಡು ಹೋಗಿ ತೋರಿಸಿದ. ಒಣ ಕಸ ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಅವನಿಗೆ ಗೊತ್ತಿರಲಿಲ್ಲ. "ಕೇಳಿ ಹೇಳ್ತೀನಿ ಆಂಟಿ" ಎಂದ. ನನಗೆ ಆ ಉತ್ತರವೂ ಹಿಡಿಸಿತು. ಸೇರಿಸುತ್ತಿದ್ದೇವೆ.

ಮೇಷ್ಟ್ರೇ, ಇನ್ನೊಂದು ಪ್ರಶ್ನೆ. ಮಗಳು ಈಗಲೇ ಮನೆಯ ಅಂಗಳದ ನಕ್ಷೆ ಶುರು ಮಾಡಿದ್ದಾಳೆ. ನೇರ ಗೋಡೆಯ ಗಾಜಿನ ಜಾಡಿ ಇಟ್ಟು ಮಳೆ ಅಳೆದಳು, 14 ಮಿಲಿಮೀಟರ್. ಚಾವಣಿ ಲೆಕ್ಕವೂ ಆಯಿತು. ಆದರೆ ಅಂಗಳ ನೋಡುವುದಕ್ಕೆ ಸಮತಟ್ಟಾಗಿದೆ, ನೀರು ಮಾತ್ರ ಒಂದೇ ಕಡೆ ಹರಿಯುತ್ತದೆ. ಇಳಿಜಾರು ಅಳೆಯುವುದು ಹೇಗೆ ಎಂದು ಕೇಳುತ್ತಿದ್ದಾಳೆ. ದೊಡ್ಡ ಉಪಕರಣ ಏನೂ ಇಲ್ಲ.

ಉತ್ತರ: ಭೂಗೋಳದ ಮೇಷ್ಟ್ರು

ಮೇಡಂ, ತುಂಬಾ ಸಂತೋಷ. ಆ ಭಾನುವಾರದ ಸಾಲು ಬರೆದ ಮಗುವಿಗೆ ನನ್ನ ನಮಸ್ಕಾರ ತಲುಪಿಸಿ.

ದೊಡ್ಡ ಉಪಕರಣ ಬೇಡ. ಗಾರೆ ಕೆಲಸದವರು ಮಟ್ಟ ನೋಡುವುದಕ್ಕೆ ಬಳಸುವ ಪಾರದರ್ಶಕ ಟ್ಯೂಬ್ ಸಾಕು, ಹತ್ತು ಮೀಟರ್ ಉದ್ದದ್ದು. ಅದಕ್ಕೆ ನೀರು ತುಂಬಿಸಿ. ಒಳಗೆ ಒಂದೂ ಗಾಳಿಗುಳ್ಳೆ ಇರಬಾರದು, ಇದ್ದರೆ ಲೆಕ್ಕ ತಪ್ಪುತ್ತದೆ. ನೀರಿಗೆ ಎರಡು ಹನಿ ಶಾಯಿ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಎರಡು ನೇರ ಕೋಲು ತಗೊಳ್ಳಿ. ಬುಡದಿಂದ ಸೆಂಟಿಮೀಟರ್ ಗುರುತು ಹಾಕಿ. ಟ್ಯೂಬಿನ ಒಂದೊಂದು ತುದಿಯನ್ನು ಒಂದೊಂದು ಕೋಲಿಗೆ ಹಿಡಿದು ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಿ. ನೀರು ಎರಡೂ ಕಡೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಒಂದು ಕೋಲಿನಲ್ಲಿ 80, ಇನ್ನೊಂದರಲ್ಲಿ 86 ಎಂದು ತೋರಿಸಿದರೆ, 86 ಇರುವ ಕಡೆ ನೆಲ 6 ಸೆಂಟಿಮೀಟರ್ ತಗ್ಗು.

ಅಂಗಳದಲ್ಲಿ ಎರಡೆರಡು ಮೀಟರಿಗೆ ಒಂದು ಚುಕ್ಕೆ ಗುರುತಿಸಿ ಎಲ್ಲ ಕಡೆ ಹೀಗೆ ಅಳೆಯಲಿ. ಆಮೇಲೆ ಹಾಳೆಯ ಮೇಲೆ ಒಂದೇ ಎತ್ತರದ ಚುಕ್ಕೆಗಳನ್ನು ಗೆರೆ ಎಳೆದು ಸೇರಿಸಲಿ. ಅಟ್ಲಾಸಿನ ಬೆಟ್ಟಗಳ ಮೇಲೆ ಅವಳು ನೋಡಿರುವ ಕಾಂಟೂರ್ ಗೆರೆ ಇದೇ. ನೀರು ಆ ಗೆರೆಗಳನ್ನು ಅಡ್ಡ ಕತ್ತರಿಸಿಕೊಂಡು ಇಳಿಯುತ್ತದೆ. ಮುಂದಿನ ಮಳೆಗೆ ಹೊರಗೆ ಬಂದು ಗೆರೆ ಸರಿಯಿದೆಯಾ ಎಂದು ನೋಡಲಿ. ತಪ್ಪಿದ್ದರೆ ಅಳಿಸಿ ಮತ್ತೆ ಎಳೆಯಲಿ, ಪೆನ್ಸಿಲಿನಲ್ಲೇ ಬರೆಯುವುದು ಒಳ್ಳೆಯದು.

ಟ್ಯೂಬ್ ಹಿಡಿಯುವುದಕ್ಕೆ ಇಬ್ಬರು ಬೇಕು. ಇನ್ನೊಂದು ತುದಿಯನ್ನು ನೀವೇ ಹಿಡಿದುಕೊಳ್ಳಿ ಮೇಡಂ.